ನಾವೇ ವಾಸವಿರುವ ಲಂಡನ್ನನ್ನು ಪ್ರವಾಸಿಗರಂತೆ ನೋಡುವುದು ಹೇಗೆ?

ಪ್ರಶ್ನೆ: ಹ್ಯಾರೋ ನಿವಾಸಿ

ಎಲ್ಲರಿಗೂ ನಮಸ್ಕಾರ. ನಾವು ಲಂಡನ್ನಿನ ವಾಯವ್ಯ ಅಂಚಿನಲ್ಲಿರುವ ಹ್ಯಾರೋದಲ್ಲಿ ಸಂಸಾರ ಹೂಡಿ ಹಲವು ವರ್ಷಗಳಾದವು. ನನ್ನ ಕಚೇರಿ ಆಲ್ಡ್‌ಗೇಟ್ ಹತ್ತಿರವಿರುವುದರಿಂದ ವಾರದ ಹೆಚ್ಚಿನ ದಿನಗಳಲ್ಲಿ ಮೆಟ್ರೊಪಾಲಿಟನ್ ಲೈನಿನ ರೈಲಿನಲ್ಲಿ ಓಡಾಡುತ್ತೇನೆ. ಊರಿನಿಂದ ಅಪ್ಪ ಅಮ್ಮನೋ, ಅತ್ತೆ ಮಾವನೋ ಬಂದಾಗ ಬಿಗ್ ಬೆನ್, ಟವರ್ ಬ್ರಿಜ್, ಬಕಿಂಗ್‌ಹ್ಯಾಮ್ ಅರಮನೆ, ಮೇಣದ ಗೊಂಬೆಗಳ ಮನೆ ಇಷ್ಟನ್ನು ತಪ್ಪದೆ ತೋರಿಸುತ್ತೇವೆ. ಆದರೆ ಬಂದವರ ಊಟ, ಕಾಲುನೋವು, ಶೌಚಾಲಯ, ಚಳಿಯ ಅಂಗಿ ಇವುಗಳ ಗಡಿಬಿಡಿಯಲ್ಲಿ ನಾನು ನೋಡುವುದು ಹೆಚ್ಚಾಗಿ ಅವರ ಫೋಟೊ ತೆಗೆಯಲು ಹಿಡಿದ ಮೊಬೈಲಿನ ಪರದೆಯನ್ನು ಮಾತ್ರ. ನಮಗಾಗಿ ಎಂದು, ಯಾರನ್ನೂ ಕರೆದುಕೊಂಡು ಹೋಗುವ ಜವಾಬ್ದಾರಿಯಿಲ್ಲದೆ, ಈ ನಗರವನ್ನು ನೋಡಿದ್ದೇ ಇಲ್ಲ ಎನ್ನಬಹುದು.

ಈ ಬೇಸಿಗೆ ರಜೆಯಲ್ಲಿ ವಿಮಾನದ ದರ ನೋಡಿ ಊರಿಗೆ ಹೋಗುವುದನ್ನು ಕೈಬಿಟ್ಟಿದ್ದೇವೆ. ಉಳಿದ ಹಣದಲ್ಲಿ ಒಂದು ಪಾಲನ್ನು ಇಲ್ಲಿಯೇ ಖರ್ಚು ಮಾಡಿ, ಹತ್ತು ವರ್ಷದ ಮಗನನ್ನೂ ಕರೆದುಕೊಂಡು, ಲಂಡನ್ನಿಗೆ ಈಗ ತಾನೇ ಬಂದಿಳಿದವರಂತೆ ತಿರುಗಾಡಬೇಕೆಂಬುದು ನನ್ನ ಆಸೆ. ಇಲ್ಲಿ ವಾಸವಿರುವವರು ಪ್ರವಾಸಿಗರ ಪಟ್ಟಿಯನ್ನೇ ಹಿಡಿದು ಹೋಗುವುದು ಸರಿಯೇ, ಅಥವಾ ನಮ್ಮಂಥವರಿಗೆ ಬೇರೆಯದೇ ದಾರಿಯಿದೆಯೇ? ಒಂದೆರಡು ರಾತ್ರಿ ನಗರದ ಮಧ್ಯದಲ್ಲಿ ಹೋಟೆಲಿನಲ್ಲಿ ಉಳಿಯಬೇಕೆಂದು ನನಗಿದೆ. ಮನೆಯಿಂದ ಮುಕ್ಕಾಲು ಗಂಟೆಯ ದೂರಕ್ಕೆ ಹೋಟೆಲ್ ಏಕೆ ಎಂಬುದು ಯಜಮಾನರ ವಾದ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಈಲಿಂಗ್ ನಿವಾಸಿ

ಮೇಡಂ, ನೀವು ದಿನವೂ ಕೂರುವ ರೈಲು ಸಾಗುವ ಮಾರ್ಗಕ್ಕಿಂತ ಒಳ್ಳೆಯ ಪ್ರವಾಸದ ಪಟ್ಟಿಯನ್ನು ಯಾರೂ ಮಾಡಿಕೊಡಲಾರರು. ನಿಮ್ಮ ಮೆಟ್ರೊಪಾಲಿಟನ್ ಲೈನ್ ಜಗತ್ತಿನ ಮೊದಲ ಭೂಗತ ರೈಲಿನ ವಾರಸುದಾರ. 1863ರ ಜನವರಿಯಲ್ಲಿ ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್‌ವರೆಗೆ ಉಗಿಬಂಡಿಯಲ್ಲಿ ಜನರನ್ನು ನೆಲದಡಿ ಸಾಗಿಸಿದ ಸಂಸ್ಥೆಯ ಹೆಸರನ್ನೇ ಈ ಲೈನ್ ಇಂದಿಗೂ ಹೊತ್ತಿದೆ. ಬೇಕರ್ ಸ್ಟ್ರೀಟಿನಲ್ಲಿ ನಿಮ್ಮ ರೈಲು ನಿಲ್ಲುವ ಪ್ಲಾಟ್‌ಫಾರ್ಮ್ ಬೇರೆ. ಅಲ್ಲಿ ಇಳಿದು ಸರ್ಕಲ್ ಲೈನಿನ 5 ಮತ್ತು 6ನೇ ಪ್ಲಾಟ್‌ಫಾರ್ಮಿಗೆ ನಡೆಯಿರಿ. ಅದು 1863ರ ಮೂಲ ನಿಲ್ದಾಣ. ತಲೆಯ ಮೇಲೆ ಇಟ್ಟಿಗೆಯ ಅಗಲವಾದ ಕಮಾನು, ಎರಡೂ ಗೋಡೆಗಳಲ್ಲಿ ಸಾಲಾಗಿ ಮೇಲಕ್ಕೆ ಓರೆಯಾಗಿ ಏರುವ ಗೂಡುಗಳು. ಮೇಲಿನ ರಸ್ತೆಯಿಂದ ಬೆಳಕನ್ನೂ ಗಾಳಿಯನ್ನೂ ಒಳಗೆ ತರಲು, ಇಂಜಿನ್ನಿನ ಹೊಗೆಯನ್ನು ಹೊರಗೆ ಬಿಡಲು ಅವುಗಳನ್ನು ಕಟ್ಟಿದ್ದರು. ಬೆಂಚಿನ ಮೇಲೆ ಕುಳಿತು ಎರಡು ರೈಲುಗಳನ್ನು ಹೋಗಲು ಬಿಟ್ಟರೆ ಸಾಕು, ಮಗನಿಗೆ ಇಡೀ ಕಥೆಯನ್ನು ಹೇಳಿ ಮುಗಿಸಬಹುದು. ಇದಕ್ಕೆ ಪ್ರತ್ಯೇಕ ಟಿಕೆಟ್ ಇಲ್ಲ.

ಮುಂದೆ ಯೂಸ್ಟನ್ ಸ್ಕ್ವೇರಿನಲ್ಲಿ ಇಳಿದರೆ ಕೆಲವೇ ನಿಮಿಷಗಳ ನಡಿಗೆಯಲ್ಲಿ ಗಾರ್ಡನ್ ಸ್ಕ್ವೇರ್ ಎಂಬ ಸಣ್ಣ ಉದ್ಯಾನವಿದೆ. ಹೆಸರು ಕೇಳಿ ತೋಟ ಎಂದುಕೊಳ್ಳಬೇಡಿ, ಅದು ಒಬ್ಬ ಇಂಗ್ಲಿಷ್ ಡ್ಯೂಕನ ಹೆಂಡತಿಯ ತವರಿನ ಹೆಸರು. ಅಲ್ಲಿ ಟಿಪ್ಪು ಸುಲ್ತಾನನ ವಂಶಸ್ಥೆಯಾದ ನೂರ್ ಇನಾಯತ್ ಖಾನ್ ಅವರ ಎದೆಮಟ್ಟದ ಪ್ರತಿಮೆಯಿದೆ, 2012ರಲ್ಲಿ ಸ್ಥಾಪಿಸಿದ್ದು. ಮಾಸ್ಕೋದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬೆಳೆದು, ಮಕ್ಕಳಿಗೆ ಕಥೆ ಬರೆಯುತ್ತಿದ್ದ ಈ ಹೆಣ್ಣುಮಗಳು 1943ರಲ್ಲಿ ಜರ್ಮನರ ವಶದಲ್ಲಿದ್ದ ಫ್ರಾನ್ಸಿಗೆ ಬ್ರಿಟನ್ನಿನ ಗುಪ್ತದಳದ ಪರವಾಗಿ ರೇಡಿಯೊ ನಿರ್ವಾಹಕಿಯಾಗಿ ಹೋಗಿ, ಸೆರೆಸಿಕ್ಕಿ, 1944ರ ಸೆಪ್ಟೆಂಬರಿನಲ್ಲಿ ನಾಜಿಗಳ ಡಾಕೌ ಸೆರೆಶಿಬಿರದಲ್ಲಿ ಕೊಲ್ಲಲ್ಪಟ್ಟರು. ಮರಣಾನಂತರ 1949ರಲ್ಲಿ ಜಾರ್ಜ್ ಕ್ರಾಸ್ ಪದಕ ನೀಡಲಾಯಿತು. ಪಕ್ಕದ ಟ್ಯಾವಿಟನ್ ಸ್ಟ್ರೀಟಿನಲ್ಲಿ ಅವರು ವಾಸವಿದ್ದ ಮನೆಗೆ 2020ರಲ್ಲಿ, ಹೆಸರಾಂತರು ಬಾಳಿದ ಮನೆಗಳಿಗೆ ಇಲ್ಲಿ ಹಾಕುವ ನೀಲಿ ಫಲಕ ಹಾಕಿದ್ದಾರೆ. ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಮಡಿದವನ ಕುಲದವಳು ಬ್ರಿಟನ್ನಿನ ಅತ್ಯುಚ್ಚ ಶೌರ್ಯಪದಕಗಳಲ್ಲಿ ಒಂದನ್ನು ಪಡೆದದ್ದು ವಿಚಿತ್ರವಾದ ಸಂಗತಿಯೇ. ಅದೇ ಬೀದಿಗಳಲ್ಲಿ ಇನ್ನಷ್ಟು ನಡೆದರೆ ಟ್ಯಾವಿಸ್ಟಾಕ್ ಸ್ಕ್ವೇರಿನಲ್ಲಿ 1968ರಿಂದ ಕುಳಿತಿರುವ ಗಾಂಧೀಜಿ ಸಿಗುತ್ತಾರೆ. ಅವರ ಮುಂದೆ ಯಾರಾದರೂ ಹೂವಿಟ್ಟು ಹೋಗಿರುವುದನ್ನು ಆಗಾಗ ಕಾಣಬಹುದು.

ಬಾರ್ಬಿಕನ್ನಿನಲ್ಲಿ ಇಳಿದವರು ದಕ್ಷಿಣಕ್ಕೆ ಸ್ವಲ್ಪ ದೂರ ನಡೆದು ಪೋಸ್ಟ್‌ಮನ್ಸ್ ಪಾರ್ಕಿಗೆ ಹೋಗಬೇಕು. ಚಿತ್ರಕಾರ ಜಿ. ಎಫ್. ವಾಟ್ಸ್ ಅವರ ಒತ್ತಾಸೆಯಿಂದ 1900ರಲ್ಲಿ ಅಲ್ಲೊಂದು ಮರದ ಚಾವಣಿಯ ಪಡಸಾಲೆ ಕಟ್ಟಿ, ಬೇರೆಯವರ ಜೀವ ಉಳಿಸಲು ಹೋಗಿ ಪ್ರಾಣ ಬಿಟ್ಟ ಸಾಮಾನ್ಯ ಜನರ ಹೆಸರುಗಳನ್ನು ಮೆರುಗಿನ ಹೆಂಚುಗಳ ಮೇಲೆ ಬರೆಸಿ ಗೋಡೆಗೆ ಕೂಡಿಸಿದ್ದಾರೆ. ಆಲಿಸ್ ಏರ್ಸ್ ಎಂಬ ಗಾರೆ ಕೂಲಿಯ ಮಗಳು 1885ರ ಏಪ್ರಿಲಿನಲ್ಲಿ ಉರಿಯುವ ಮನೆಯಿಂದ ಮೂರು ಮಕ್ಕಳನ್ನು ಉಳಿಸಿ ತಾನು ತೀರಿಕೊಂಡಳೆಂದು ಒಂದು ಫಲಕ ಹೇಳುತ್ತದೆ. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೋಡಿ ಬೆಳೆದವರಿಗೆ ಈ ಗೋಡೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನ ಸುತ್ತಲಿನ ಕಚೇರಿಗಳವರು ಅದರ ಮುಂದೆಯೇ ಕುಳಿತು ಸ್ಯಾಂಡ್‌ವಿಚ್ ತಿನ್ನುತ್ತಾರೆ, ಆದರೆ ಓದುವವರು ಕಡಿಮೆ.

ನಿಮ್ಮ ಕಚೇರಿಯ ಹತ್ತಿರದ ಲೆಡನ್‌ಹಾಲ್ ಸ್ಟ್ರೀಟಿಗೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. ಕೊಳವೆಗಳನ್ನೆಲ್ಲ ಹೊರಮೈಗೆ ಹಾಕಿಕೊಂಡು ನಿಂತಿರುವ, ವಿಮಾ ವ್ಯವಹಾರದ ಲಾಯ್ಡ್ಸ್ ಕಟ್ಟಡದ ಜಾಗದಲ್ಲಿಯೇ ಈಸ್ಟ್ ಇಂಡಿಯಾ ಕಂಪನಿಯ ಪ್ರಧಾನ ಕಚೇರಿಯಿತ್ತು. 1861ರಲ್ಲಿ ಅದನ್ನು ಕೆಡವಿದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯಿಂದ ಎತ್ತಿ ತಂದ ಟಿಪ್ಪುವಿನ ಮರದ ಹುಲಿಯನ್ನು 1808ರಿಂದ ಸಾರ್ವಜನಿಕರಿಗೆ ತೋರಿಸಿದ್ದು ಆ ಕಟ್ಟಡದಲ್ಲಿ. ಬಂದವರೆಲ್ಲ ಹಿಡಿ ತಿರುಗಿಸಿ ಅದನ್ನು ಗರ್ಜಿಸುವಂತೆ ಮಾಡುತ್ತಿದ್ದುದರಿಂದ ಅಲ್ಲಿನ ವಾಚನಾಲಯದಲ್ಲಿ ಓದಲು ಕುಳಿತವರಿಗೆ ತಲೆ ಚಿಟ್ಟು ಹಿಡಿಯುತ್ತಿತ್ತಂತೆ. ಈಗ ಹುಲಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಸ್ವತ್ತು. ಹತ್ತಿರದಿಂದ ನೋಡಿದರೆ ಹುಲಿಯ ಪಕ್ಕೆಯಲ್ಲಿ ಒಂದು ಮುಚ್ಚಳ, ಅದರೊಳಗೆ ಪುಟ್ಟ ಆರ್ಗನ್ನಿನ ದಂತದ ಗುಂಡಿಗಳು, ಕೆಳಗೆ ಬಿದ್ದಿರುವ ಯುರೋಪಿಯನ್ ಸಿಪಾಯಿಯ ಮೇಲೇಳುವ ಒಂದು ಕೈ, ಎಲ್ಲವೂ ತಿಳಿಯುತ್ತವೆ. ಮ್ಯೂಸಿಯಮ್ಮಿನ ಕೋಣೆಗಳು ದುರಸ್ತಿಗೆಂದು ಮುಚ್ಚುವುದೂ ವಸ್ತುಗಳು ಜಾಗ ಬದಲಿಸುವುದೂ ಇದ್ದದ್ದೇ, ಆದ್ದರಿಂದ ಹೊರಡುವ ಮುನ್ನ ಅವರ ಜಾಲತಾಣದಲ್ಲಿ ಹುಲಿ ಎಲ್ಲಿದೆಯೆಂದು ನೋಡಿಕೊಳ್ಳಿ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಪ್ರವಾಸಿಗನು ಕೊಟ್ಟ ಹಣಕ್ಕೆ ಸರಿಯಾಗಿ ಎಲ್ಲವನ್ನೂ ಒಂದೇ ದಿನದಲ್ಲಿ ನೋಡಿ ಮುಗಿಸಬೇಕು, ಏಕೆಂದರೆ ಅವನು ಮತ್ತೆ ಬರುವುದಿಲ್ಲ. ನಿಮಗೆ ಆ ಹಂಗಿಲ್ಲ. ದೊಡ್ಡ ಮ್ಯೂಸಿಯಮ್ಮುಗಳ ಕಾಯಂ ಸಂಗ್ರಹಕ್ಕೆ ಪ್ರವೇಶ ಉಚಿತವಿರುವಾಗ, ಒಂದೇ ವಸ್ತುವಿಗಾಗಿ ಒಳಗೆ ಹೋಗಿ ಅರ್ಧ ಗಂಟೆಯಲ್ಲಿ ಹೊರಗೆ ಬರುವುದು ಇಲ್ಲಿ ತೆರಿಗೆ ಕಟ್ಟುವವರಿಗೆ ಸಿಕ್ಕಿರುವ ಸೌಲಭ್ಯ. ನಿಮ್ಮ ಬಳಿ ತಿಂಗಳ ಟ್ರಾವೆಲ್‌ಕಾರ್ಡ್ ಇದ್ದರೆ ಅದರ ವಲಯಗಳೊಳಗೆ ನಡುವೆ ಎಷ್ಟು ಸಲ ಇಳಿದು ಹತ್ತಿದರೂ ಹೆಚ್ಚಿನ ದುಡ್ಡು ಬೀಳುವುದಿಲ್ಲ. ಬ್ಯಾಂಕಿನ ಕಾರ್ಡ್ ತೋರಿಸಿ ಓಡಾಡುವವರಾದರೆ ಪ್ರತಿ ತುಣುಕು ಪ್ರಯಾಣಕ್ಕೂ ದರ ಬಿದ್ದು, ದಿನದ ಮಿತಿ ಮುಟ್ಟಿದ ಮೇಲೆ ನಿಲ್ಲುತ್ತದೆ. ಹೋಟೆಲಿನ ವಿಷಯದಲ್ಲಿ ನಾನು ನಿಮ್ಮ ಯಜಮಾನರ ಪಕ್ಷ.

ಉತ್ತರ: ಕ್ರಾಯ್ಡನ್ ನಿವಾಸಿ

ಈಲಿಂಗಿನವರು ಹೇಳಿದ ಜಾಗಗಳ ಬಗ್ಗೆ ತಕರಾರಿಲ್ಲ, ಆದರೆ ಹೋಟೆಲಿನ ವಿಷಯದಲ್ಲಿ ನಾನು ಪೂರ್ತಿ ಎದುರು ಪಕ್ಷ. ಹೊರವಲಯದಲ್ಲಿ ಮನೆ ಮಾಡಿಕೊಂಡ ನಮ್ಮಂಥವರಿಗೆ ಲಂಡನ್ ಎಂದರೆ ಹಗಲಿನ ಊರು. ರಾತ್ರಿ ಎಂಟಾಯಿತೆಂದರೆ ರೈಲಿನ ಯೋಚನೆ, ನಾಳೆಯ ಡಬ್ಬಿಯ ಯೋಚನೆ ಶುರುವಾಗುತ್ತದೆ. ವಾರಾಂತ್ಯದ ರಾತ್ರಿಯಿಡೀ ಓಡುವ ರೈಲುಗಳ ಪಟ್ಟಿಯಲ್ಲಿ ಮೆಟ್ರೊಪಾಲಿಟನ್ ಲೈನ್ ಇಲ್ಲ ಎಂಬುದು ಹ್ಯಾರೋದವರಿಗೆ ನಾನು ಹೇಳಬೇಕಾಗಿಲ್ಲ. ಈ ಯೋಚನೆಯನ್ನು ಒಂದು ರಾತ್ರಿಯ ಮಟ್ಟಿಗಾದರೂ ದುಡ್ಡು ಕೊಟ್ಟು ಕಳಚಿಕೊಳ್ಳದಿದ್ದರೆ ನೀವು ಪ್ರವಾಸಿಗರಾಗುವುದಿಲ್ಲ, ತಡವಾಗಿ ಮನೆಗೆ ಹೋಗುವ ಉದ್ಯೋಗಿಯಾಗಿಯೇ ಉಳಿಯುತ್ತೀರಿ.

ವಾರದ ದಿನಗಳಲ್ಲಿ ವ್ಯವಹಾರಕ್ಕೆ ಬರುವವರಿಂದ ತುಂಬುವ ಸಿಟಿ ಭಾಗದ, ಎಂದರೆ ಬ್ಯಾಂಕು ಕಚೇರಿಗಳಿರುವ ಹಳೆಯ ಲಂಡನ್ನಿನ, ಹೋಟೆಲುಗಳು ಶನಿವಾರ, ಭಾನುವಾರ ದರ ಇಳಿಸುವುದುಂಟು. ಟವರ್ ಹಿಲ್ ಸುತ್ತಮುತ್ತ ಒಂದು ಕೋಣೆ ಹಿಡಿಯಿರಿ. ಸಂಜೆ ಮಾನ್ಯುಮೆಂಟ್ ಎಂಬ ಕಲ್ಲಿನ ಕಂಬವನ್ನು ಮಗನೊಂದಿಗೆ ಹತ್ತಿ. 1666ರ ಮಹಾ ಬೆಂಕಿಯ ನೆನಪಿಗೆ ನಿಲ್ಲಿಸಿದ ಈ ಕಂಬದ ಎತ್ತರ 202 ಅಡಿ. ಬೆಂಕಿ ಹೊತ್ತಿಕೊಂಡ ಪುಡಿಂಗ್ ಲೇನಿನ ಬೇಕರಿ ಅಲ್ಲಿಂದ ಅಷ್ಟೇ ಅಡಿ ದೂರದಲ್ಲಿತ್ತು. ಒಳಗೆ ಸುರುಳಿಯಾಗಿ ಸುತ್ತುವ 311 ಮೆಟ್ಟಿಲುಗಳಿವೆ, ಲಿಫ್ಟ್ ಇಲ್ಲ. ಹತ್ತಿ ಇಳಿದವರಿಗೆ ಪ್ರಮಾಣಪತ್ರ ಕೊಡುತ್ತಾರೆ. ಮಕ್ಕಳು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರೆ. ಮೆಟ್ಟಿಲು ಬೇಡವೆನ್ನುವವರಿಗೆ ಫೆನ್‌ಚರ್ಚ್ ಸ್ಟ್ರೀಟಿನ ಸ್ಕೈ ಗಾರ್ಡನ್ ಇದೆ. ಪ್ರವೇಶ ಉಚಿತ, ಆದರೆ ಮುಂಗಡವಾಗಿ ಸಮಯ ಕಾದಿರಿಸಬೇಕು, ಮತ್ತು ಸಂಜೆಯ ಸಮಯಗಳು ಬಿಟ್ಟ ಕೂಡಲೇ ಮುಗಿದು ಹೋಗುತ್ತವೆ.

ಅಂದು ರಾತ್ರಿಗೆ ಟವರ್ ಆಫ್ ಲಂಡನ್ನಿನ ಬೀಗ ಹಾಕುವ ಸಮಾರಂಭಕ್ಕೆ ಟಿಕೆಟ್ ಸಿಕ್ಕರೆ ನಿಮ್ಮ ಅದೃಷ್ಟ. ಏಳು ಶತಮಾನಗಳಿಂದ ಪ್ರತಿ ರಾತ್ರಿ ನಡೆಯುತ್ತಿದೆಯೆಂದು ಹೇಳುವ ಈ ಆಚರಣೆಯಲ್ಲಿ ಮುಖ್ಯ ಕಾವಲುಗಾರನು ಲಾಂದ್ರ ಮತ್ತು ಬೀಗದ ಕೈಗೊಂಚಲು ಹಿಡಿದು ಬರುತ್ತಾನೆ, ಪಹರೆಯ ಸೈನಿಕನು ಯಾರದು ಎಂದು ತಡೆಯುತ್ತಾನೆ, ಬರುತ್ತಿರುವುದು ಕೀಲಿಕೈಗಳೆಂದು ಉತ್ತರ ಹೋಗುತ್ತದೆ. ಫೋಟೊ ತೆಗೆಯಲು ಅನುಮತಿಯಿಲ್ಲ, ಹಾಗಾಗಿ ನೀವು ಹೇಳಿದ ಮೊಬೈಲ್ ಪರದೆಯ ಕಾಟವೂ ಇರುವುದಿಲ್ಲ. ಟಿಕೆಟುಗಳನ್ನು ಬಹಳ ಮುಂಚಿತವಾಗಿ ಕಾದಿರಿಸಬೇಕಾಗುತ್ತದೆ. ಈ ಬೇಸಿಗೆಗೆ ಸಿಗದಿದ್ದರೆ ಚಳಿಗಾಲಕ್ಕೆ ನೋಡಿ. ಊರಿನಿಂದ ಹತ್ತು ದಿನಕ್ಕೆ ಬರುವ ಬಂಧುಗಳಿಗೆ ಈ ತಾಳ್ಮೆ ಸಾಧ್ಯವಿಲ್ಲ, ನಿಮಗೆ ಸಾಧ್ಯ.

ಮರುದಿನ ಬೆಳಗ್ಗೆ ಬ್ಯಾಂಕ್ ನಿಲ್ದಾಣದಿಂದ ಚಾಲಕನಿಲ್ಲದ ಡಿಎಲ್‌ಆರ್ (ಡಾಕ್‌ಲ್ಯಾಂಡ್ಸ್ ಲೈಟ್ ರೈಲ್ವೆ) ರೈಲಿನ ಮುಂದಿನ ಸೀಟು ಹಿಡಿದು ಐಲ್ಯಾಂಡ್ ಗಾರ್ಡನ್ಸಿಗೆ ಹೋಗಿ. ನೇರ ಗ್ರೀನಿಚ್ಚಿಗೆ ಹೋಗಬೇಡಿ. ಇಲ್ಲಿ ಇಳಿದರೆ ನದಿಯ ಆಚೆ ದಡದ ಗ್ರೀನಿಚ್ ಪೂರ್ತಿಯಾಗಿ ಎದುರಿಗೆ ಕಾಣುತ್ತದೆ. ಅಲ್ಲಿಂದ ಥೇಮ್ಸಿನ ಅಡಿಯಲ್ಲಿ 1902ರಲ್ಲಿ ತೆರೆದ ಕಾಲುದಾರಿಯ ಸುರಂಗವಿದೆ, 370 ಮೀಟರ್ ಉದ್ದ, ಗೋಡೆಗೆಲ್ಲ ಬಿಳಿ ಹೆಂಚು. ದಕ್ಷಿಣ ದಡದಿಂದ ಬಂದರು ಕೆಲಸಕ್ಕೆ ಹೋಗುತ್ತಿದ್ದ ಕಾರ್ಮಿಕರಿಗಾಗಿ ತೋಡಿದ್ದು. ಆಚೆ ಮೇಲೆ ಬಂದರೆ ಎದುರಿಗೇ ಕಟಿ ಸಾರ್ಕ್ ಎಂಬ ಹಳೆಯ ಹಾಯಿಹಡಗು. ಮಧ್ಯಾಹ್ನ ಒಂದು ಗಂಟೆಗೆ ಗ್ರೀನಿಚ್ಚಿನ ಖಗೋಳ ವೀಕ್ಷಣಾಲಯದ ಗೋಪುರದ ಮೇಲಿನ ಕೆಂಪು ಚೆಂಡು ಕೆಳಗಿಳಿಯುವುದನ್ನು ಗುಡ್ಡದ ಹುಲ್ಲಿನ ಮೇಲೆ ಕುಳಿತೇ ನೋಡಬಹುದು. ನದಿಯಲ್ಲಿದ್ದ ಹಡಗುಗಳವರು ಗಡಿಯಾರ ಸರಿಮಾಡಿಕೊಳ್ಳಲಿ ಎಂದು 1833ರಲ್ಲಿ ಆರಂಭಿಸಿದ ಏರ್ಪಾಡು ಅದು.

ಉತ್ತರ: ಹೌನ್ಸ್ಲೋ ನಿವಾಸಿ, ಮೂಲತಃ ಧಾರವಾಡದವನು

ಮುಂದಿನ ಸಲ ಅತ್ತೆ ಮಾವನವರು ಬಂದಾಗಲೂ ನಿಮಗೂ ನೋಡಿದಂತಾಗುವ ಒಂದು ನಡಿಗೆಯನ್ನು ಹೇಳುತ್ತೇನೆ. ವೆಸ್ಟ್‌ಮಿನ್ಸ್ಟರ್ ಸೇತುವೆ ದಾಟಿ, ಪಾರ್ಲಿಮೆಂಟಿನ ಎದುರು ದಡದಲ್ಲಿ ಬಲಕ್ಕೆ ತಿರುಗಿ. ಕೋವಿಡ್‌ನಲ್ಲಿ ತೀರಿಕೊಂಡವರಿಗಾಗಿ 2021ರಲ್ಲಿ ಸ್ವಯಂಸೇವಕರು ಬರೆದ ಕೆಂಪು ಹೃದಯಗಳ ಗೋಡೆ ಲ್ಯಾಂಬೆತ್ ಸೇತುವೆಯ ಕಡೆಗೆ ಉದ್ದಕ್ಕೆ ಸಾಗುತ್ತದೆ. ಹೃದಯಗಳ ಒಳಗೆ ಕೈಬರಹದಲ್ಲಿ ಹೆಸರುಗಳಿವೆ, ನಮ್ಮ ಕಡೆಯ ಹೆಸರುಗಳೂ ಕಣ್ಣಿಗೆ ಬೀಳುತ್ತವೆ. ಲ್ಯಾಂಬೆತ್ ಅರಮನೆ, ಅದರ ಪಕ್ಕದ ಹಳೆಯ ಚರ್ಚಿನಲ್ಲಿರುವ ಗಾರ್ಡನ್ ಮ್ಯೂಸಿಯಂ ದಾಟಿ, ಸೇತುವೆಯ ಆಚೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿಗೆ ಬಂದರೆ ನದಿಯ ಪಕ್ಕದ ಕಿರುತೋಟದಲ್ಲಿ ಬಸವಣ್ಣನವರು ಇದ್ದಾರೆ. ಲ್ಯಾಂಬೆತ್ತಿನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದರು. ಅದೇ ದಿನ ಅವರು ಪ್ರಿಮ್‌ರೋಸ್ ಹಿಲ್ ಬಳಿ ಡಾ. ಅಂಬೇಡ್ಕರರು 1921–22ರಲ್ಲಿ ವಿದ್ಯಾರ್ಥಿಯಾಗಿ ವಾಸವಿದ್ದ ಮನೆಯನ್ನೂ ಉದ್ಘಾಟಿಸಿದರು. ಎರಡನ್ನೂ ಒಂದೇ ದಿನದಲ್ಲಿ ಸೇರಿಸಿಕೊಳ್ಳಬಹುದು. ಬಸವಣ್ಣನವರ ಬಳಿ ಗಾಳಿ ಜೋರು. ಬೇಸಿಗೆಯಲ್ಲೂ ಹಿರಿಯರಿಗೆ ಒಂದು ಶಾಲು ಇಟ್ಟುಕೊಳ್ಳಿ.

ಇನ್ನೊಂದು, ಹೆಚ್ಚಿನವರಿಗೆ ತಿಳಿಯದ್ದು. ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಜನವೆಲ್ಲ ರೊಸೆಟ್ಟಾ ಶಿಲೆಯ ಮುಂದೆ ನೂಕಾಡುತ್ತಿರುವಾಗ ನೀವು ಅಮರಾವತಿ ಸ್ತೂಪದ ಶಿಲ್ಪಗಳ ಕೋಣೆಗೆ ಹೋಗಿ. ಸುಣ್ಣಕಲ್ಲಿನ ಮೇಲೆ ಅಂಗೈ ಅಗಲದೊಳಗೆ ಆನೆ, ರಥ, ತೋರಣ, ಹತ್ತಾರು ಜನರನ್ನು ಕೆತ್ತಿದ್ದಾರೆ. ಇವು ಆಂಧ್ರದ ಶಿಲ್ಪಗಳಾದರೂ ಇವನ್ನು 1845ರಲ್ಲಿ ಅಗೆಸಿ ಮದರಾಸಿಗೆ ಸಾಗಿಸಿದ ವಾಲ್ಟರ್ ಎಲಿಯಟ್ ನಮ್ಮವರಿಗೆ ಅಪರಿಚಿತನಲ್ಲ. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸೈನ್ಯವು ಧಾರವಾಡದ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಒತ್ತೆಯಾಳುಗಳಾಗಿ ಹಿಡಿದ ಇಬ್ಬರು ಅಧಿಕಾರಿಗಳಲ್ಲಿ ಸ್ಟೀವನ್‌ಸನ್ ಒಬ್ಬ, ಈ ಎಲಿಯಟ್ ಇನ್ನೊಬ್ಬ. ರಾಣಿ ಅವರನ್ನು ಮರ್ಯಾದೆಯಿಂದ ನಡೆಸಿಕೊಂಡು ಕೊನೆಗೆ ಬಿಟ್ಟುಕೊಟ್ಟಳು. ಆಮೇಲೆ ಎಲಿಯಟ್ ನಮ್ಮ ಭಾಗದ ಕನ್ನಡ ಶಾಸನಗಳನ್ನು ರಾಶಿ ರಾಶಿಯಾಗಿ ಪ್ರತಿ ಮಾಡಿಸಿ ಸಂಗ್ರಹಿಸಿದ. ಚೆನ್ನಮ್ಮನ ಕತ್ತಿ ಅಂದು ಇನ್ನೊಂದು ಕಡೆಗೆ ಬೀಸಿದ್ದರೆ ಈ ಕೋಣೆಯ ಕಥೆ ಬೇರೆಯೇ ಆಗುತ್ತಿತ್ತು. ಮ್ಯೂಸಿಯಮ್ಮಿನ ಫಲಕದಲ್ಲಿ ಕಿತ್ತೂರನ್ನು ಹುಡುಕಬೇಡಿ, ಮಗನಿಗೆ ನೀವೇ ಹೇಳಿ.

ಹ್ಯಾರೋ ನಿವಾಸಿ

ಮೂವರಿಗೂ ಧನ್ಯವಾದಗಳು. ಎರಡು ವರ್ಷಗಳಿಂದ ಊಟದ ವಿರಾಮದಲ್ಲಿ ಲಾಯ್ಡ್ಸ್ ಕಟ್ಟಡದ ಪಕ್ಕದಿಂದಲೇ ಕಾಫಿಗೆ ಹೋಗುತ್ತಿರುವ ನನಗೆ ಆ ಜಾಗದ ವಿಷಯ ಓದಿ ಮೈ ಜುಮ್ಮೆಂದಿತು. ಯಜಮಾನರು ಒಂದು ರಾತ್ರಿಯ ಹೋಟೆಲಿಗೆ ಒಪ್ಪಿದ್ದಾರೆ, ಎರಡಕ್ಕಿಲ್ಲ. ಉಳಿದಿರುವುದು ಒಂದೇ ಪ್ರಶ್ನೆ. ರಜೆಯಲ್ಲಿ ದೊಡ್ಡ ಮ್ಯೂಸಿಯಮ್ಮುಗಳ ಹೊರಗೆ ಸಾಲು ಬಹಳ ಉದ್ದವಿರುತ್ತದೆ. ಸರದಿಯಲ್ಲಿ ನಿಂತರೆ ಮಗ ಒಳಗೆ ಹೋಗುವ ಮೊದಲೇ ಬೇಸತ್ತುಬಿಡುತ್ತಾನೆ. ಕಚೇರಿ ಮುಗಿದ ಮೇಲೆ ಹೋಗಲು ದಾರಿಯಿದೆಯೇ?

ಈಲಿಂಗ್ ನಿವಾಸಿ

ಇದೆ, ಶುಕ್ರವಾರ. ಬ್ರಿಟಿಷ್ ಮ್ಯೂಸಿಯಂ, ನ್ಯಾಷನಲ್ ಗ್ಯಾಲರಿ, ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮೂರೂ ಶುಕ್ರವಾರ ರಾತ್ರಿ ಊಟದ ಹೊತ್ತಿನವರೆಗೆ, ಕೊನೆಯದು ಹತ್ತರವರೆಗೂ ತೆರೆದಿರುತ್ತವೆ. ಶಾಲೆಯ ಗುಂಪುಗಳೂ ಪ್ರವಾಸಿ ಬಸ್ಸುಗಳೂ ಆ ಹೊತ್ತಿಗೆ ಹೊರಟಿರುತ್ತವೆ. ಯಜಮಾನರು ಮಗನನ್ನು ಕರೆದುಕೊಂಡು ಸಂಜೆ ಯೂಸ್ಟನ್ ಸ್ಕ್ವೇರಿಗೆ ಬರಲಿ, ನೀವು ಆಲ್ಡ್‌ಗೇಟಿನಿಂದ ಅದೇ ಲೈನಿನಲ್ಲಿ ಎದುರು ದಿಕ್ಕಿನಿಂದ ಬಂದು ಸೇರಿಕೊಳ್ಳಿ. ಗಾರ್ಡನ್ ಸ್ಕ್ವೇರ್ ಹಾದು ಬ್ರಿಟಿಷ್ ಮ್ಯೂಸಿಯಮ್ಮಿಗೆ ಹದಿನೈದು ನಿಮಿಷದ ನಡಿಗೆ. ಮುಂಭಾಗದ ದೊಡ್ಡ ಬಾಗಿಲಿನಲ್ಲಿ ಸಾಲಿದ್ದರೆ ಹಿಂಬದಿಯ ಮಾಂಟೇಗ್ ಪ್ಲೇಸ್ ಬಾಗಿಲನ್ನು ನೋಡಿ, ಅಲ್ಲಿ ಸಾಮಾನ್ಯವಾಗಿ ಜನ ಕಡಿಮೆ. ಜಾಲತಾಣದಲ್ಲಿ ಉಚಿತ ಪ್ರವೇಶಕ್ಕೂ ಸಮಯ ಕಾದಿರಿಸುವ ಅವಕಾಶವಿದೆ, ಕಾದಿರಿಸಿದವರ ಸಾಲು ಬೇಗ ಸರಿಯುತ್ತದೆ. ದೊಡ್ಡ ಚೀಲ ತರಬೇಡಿ, ಬಾಗಿಲಲ್ಲಿ ತಪಾಸಣೆಗೆ ಹೊತ್ತು ಹೋಗುವುದು ಅದರಿಂದಲೇ.